ಗುಯಿಲ್ಲೌಮೆ ಗಿಯೋಮ್ ಆದದ್ದು

ಬೆಳಗಿನ ಐದೂಕಾಲು. ಅಂಧರ ಗ್ರಂಥಾಲಯದ ಹಿಂಬದಿಯ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊಡೆದಿದೆ. ಸದ್ದಾಗುತ್ತದೆಂದು ಫ್ಯಾನ್ ಆರಿಸಿದೆ. ಅರವತ್ನಾಲ್ಕರ ಹೆಂಗಸೊಬ್ಬರು ಮೈಕಿನ ಮುಂದೆ ಕೂತು, ಬೆವರೊರೆಸಿಕೊಂಡು, ಗಂಟಲಾಳದಿಂದ ಏನನ್ನೋ ಕೆರೆದು ತೆಗೆಯುತ್ತಿದ್ದಾರೆ. ಕೆಮ್ಮಲ್ಲ, ಕಫವಲ್ಲ. ಅದು ಫ್ರೆಂಚರ 'ರ'.

ಅಕ್ಕಪಕ್ಕದವರಿಗೆ ಇವರು ಅನೌನ್ಸರಮ್ಮ. ಮೂವತ್ತೊಂದು ವರ್ಷ ನಿಲ್ದಾಣದ ಮೈಕಿನಲ್ಲಿ ರೈಲು ಬರುವುದನ್ನೂ ಬಾರದಿರುವುದನ್ನೂ ಒಂದೇ ದನಿಯಲ್ಲಿ ಸಾರಿದವರು. ನಿವೃತ್ತಿಯ ಮೇಲೆ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುತ್ತಾರೆ. ಬಸ್ಸುಗಳ ಗದ್ದಲ ಶುರುವಾಗುವ ಮುಂಚೆ ದಿನಕ್ಕೆ ಹದಿನೈದು ಪುಟ. ಆರು ವರ್ಷದಲ್ಲಿ ಐವತ್ತೆರಡು ಪುಸ್ತಕ. "ಒಂದು ಊರಿನ ಹೆಸರೂ ತಪ್ಪು ಹೇಳಿದವಳಲ್ಲ ನಾನು" ಎಂಬ ಜಂಬಕ್ಕೆ ಕಲ್ಲು ಬಿದ್ದದ್ದು ಐವತ್ಮೂರನೆಯದರಲ್ಲಿ.

ಅದು ಫ್ರೆಂಚ್ ಕಾದಂಬರಿಯೊಂದರ ಅನುವಾದ. ಅನುವಾದಕರು ಹೆಸರುಗಳನ್ನು ಅಕ್ಷರ ಕಂಡಂತೆ ಬರೆದಿದ್ದರು. ಇವರೂ ನಾಯಕನನ್ನು ಗತ್ತಿನಿಂದ 'ಗುಯಿಲ್ಲೌಮೆ' ಎನ್ನುತ್ತ ಇನ್ನೂರ ಹನ್ನೆರಡು ಪುಟ ಮುಗಿಸಿದರು. ಮೊದಲ ಭಾಗ ಕೇಳಿದವರೊಬ್ಬರ ಫೋನ್ ಬಂತು. ಕಣ್ಣು ಹೋಗುವ ಮುನ್ನ ಫ್ರೆಂಚ್ ಕಲಿಸುತ್ತಿದ್ದ ಮೇಷ್ಟ್ರು.

"ತುಂಬ ಚೆನ್ನಾಗಿ ಓದ್ತೀರಮ್ಮ. ಈ ಗುಯಿಲ್ಲೌಮೆ ಅಂದ್ರೇನು?"

"ಅವನೇ ಹೀರೋ, ಸಾರ್."

"ಅಯ್ಯೋ! ನಾನು ಯಾವುದೋ ಕಾಯಿಲೆ ಅಂದ್ಕೊಂಡಿದ್ದೆ. ಅವನು ಗಿಯೋಮ್ ಕಣಮ್ಮ."

ಅದರ ಬೆನ್ನಿಗೇ ಗೆಳೆಯ ಜಾಕ್ವೆಸ್ ಹೋಗಿ ಝಾಕ್ ಆದ. ಜಮೀನ್ದಾರ ಬ್ಯೂಚಾಂಪ್ಸ್ ಹೋಗಿ ಬೋಶಾಂ ಆದ. ಗ್ರಂಥಾಲಯದ ಕಾರ್ಯದರ್ಶಿ ಸಮಾಧಾನ ಹೇಳಿದರು: "ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?"

"ಕೊನೇ ಅಧ್ಯಾಯದಲ್ಲಿ ಗಿಯೋಮ್‌ನ ಅಮ್ಮ ಬಾಗಿಲಲ್ಲಿ ನಿಂತು ಮಗನನ್ನ ಕೂಗ್ತಾಳೆ, ಸಾರ್. ಹೆತ್ತವಳ ಬಾಯಲ್ಲಿ ಮಗನ ಹೆಸರು ತಪ್ಪಾಗಿ ಹೇಳಿಸ್ಲಾ?"

ಅಷ್ಟನ್ನೂ ಅಳಿಸಿದರು. ಏಳು ವಾರ ಸಂಜೆ ಸಂಜೆ ಫೋನಿನಲ್ಲಿ ಮೇಷ್ಟ್ರ ಪಾಠ. "ಬರೆಯೋದು ಹತ್ತಕ್ಷರ, ಬಾಯಿಗೆ ಬರೋದು ನಾಲ್ಕು. ಉಳಿದವು ಹಾಜರಿ ಹಾಕಿ ಸುಮ್ನೆ ಕೂತಿರ್ತಾವೆ. ನಮ್ಮ ಆಫೀಸಲ್ಲೂ ಇದ್ರು ಅಂಥೋರು," ಎಂದು ಅನೌನ್ಸರಮ್ಮ ನಗುತ್ತಾರೆ.

ಮನೆಯಲ್ಲಿ ಕಷ್ಟಪಟ್ಟವರು ಯಜಮಾನರು. ಗಂಟಲಿನ 'ರ' ಕೇಳಿದ ಮೊದಲ ದಿನ ಉಪ್ಪುನೀರು ಕಾಯಿಸಿ ಕೊಟ್ಟರು. ಮೂರನೆಯ ದಿನ ಕೆಮ್ಮಿನ ಔಷಧಿ ತಂದರು. ಒಂಬತ್ತನೆಯ ದಿನ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದೊಯ್ದರು. ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು, "ಎಲ್ಲಿಂದ ಶುರುವಾಯ್ತು?" ಅಂದರೆ ಈಕೆ, "ಮೊದಲನೇ ಪುಟದಿಂದ" ಅಂದರು.

ಕೊನೆಯ ಅಧ್ಯಾಯದ ಆ ಒಂದು ಕೂಗನ್ನು ಹನ್ನೊಂದು ಸಲ ಓದಿದರು. ಹನ್ನೆರಡನೆಯದು ಕೂತಿತು. ಅದನ್ನು ಕೇಳಿದ ಮೇಷ್ಟ್ರು ಫೋನಿನಲ್ಲಿ, "ನನ್ನ ಕ್ಲಾಸಲ್ಲಿ ಯಾರೂ ಇಷ್ಟು ಚೆನ್ನಾಗಿ ಕರೆದಿರಲಿಲ್ಲಮ್ಮ" ಅಂದರು.

ಈಗ ಮೈಕಿನ ಮುಂದಿರುವುದು ಎರಡನೆಯ ಫ್ರೆಂಚ್ ಕಾದಂಬರಿ. ತಾವೇ ಕೇಳಿ ತರಿಸಿಕೊಂಡದ್ದು. ಇನ್ನೇನಾದರೂ ಆಸೆ ಉಂಟೇ ಎಂದರೆ ಕನ್ನಡಕ ತೆಗೆದು ಒರೆಸುತ್ತಾರೆ.

"ಒಬ್ರು ನಿಜವಾದ ಫ್ರೆಂಚಿನವರು ಎದುರಿಗೆ ಸಿಗ್ಬೇಕು. ಅವರ ಹೆಸರು ಎಲ್ಲಾದ್ರೂ ಬರೆದಿರ್ಬೇಕು. ನಾನು ಓದಿ ಕರೀಬೇಕು, ಅವರು ತಿದ್ದದೆ 'ಏನಮ್ಮಾ?' ಅನ್ಬೇಕು. ಅಷ್ಟೇ."