ಮೇಷ್ಟ್ರು ನೆಲದ ಮೇಲೆ ಕೂತ ಒಂದು ಗಂಟೆ

ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಯಿತು. ಮೊಮ್ಮಗಳು ಮೇಜಿನ ಮೇಲೆ ಎರಡು ಮೇಣದಬತ್ತಿ ಹಚ್ಚಿಟ್ಟಳು. ಅವತ್ತು ಶುಕ್ರವಾರ. ಕರಗಿದ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡ್ಯದ ಜರ್ಮನ್ ಮೇಷ್ಟ್ರು ನೆನಪಾದರು…

ಜರ್ಮನ್ ಮೇಷ್ಟ್ರು ಅನ್ನುವುದು ಬೀದಿಯವರಿಟ್ಟ ಹೆಸರು. ಅವರು ಯೆಹೂದಿ; ಅವರಲ್ಲಿ ಪ್ರತಿ ಶುಕ್ರವಾರ ಸಂಜೆ ಹೀಗೇ ಎರಡು ಮೇಣದಬತ್ತಿ ಹಚ್ಚುವ ಪದ್ಧತಿ. ತಮ್ಮ ದೇಶದ ವಿಶ್ವವಿದ್ಯಾನಿಲಯದಲ್ಲಿ ಹೀಬ್ರೂ ಕಲಿಸುತ್ತಿದ್ದವರನ್ನು ಜರ್ಮನಿಯವರೇ ಓಡಿಸಿದ್ದರು. ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಮಂಡ್ಯಕ್ಕೆ ಬಂದು, ಇಲ್ಲಿ ಎಂಜಿನಿಯರಾಗಿದ್ದ ತಮ್ಮನ ಮಗನ ಮನೆಯಲ್ಲಿದ್ದರು. ಅವರ ಹೆಂಡತಿ ಮಾತ್ರ, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರಲಾರದೆ ಅಲ್ಲೇ ಉಳಿದಿದ್ದರು.

ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಯೆಹೂದಿಗಳ ಧರ್ಮ ಮತ್ತು ಆಚಾರದ ಮೇಲೆ ಒಂದು ಪತ್ರಿಕೆ ಇತ್ತು. ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ಜಂಬಕ್ಕೇ ತೆಗೆದುಕೊಂಡೆ. ರಜೆಯಲ್ಲಿ ಮದ್ದೂರಿನ ನಮ್ಮ ಮನೆಯಿಂದ ಭಾನುವಾರ ರೈಲು ಹತ್ತಿ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಿದ್ದೆ. ಪಕ್ಕದ ಮನೆಯ ಗೌಡರು ಹಾಲು ತಂದವರು ಅಲ್ಲೇ ಜಗಲಿಯ ಮೇಲೆ ಕೂತಿರುತ್ತಿದ್ದರು. ಮೇಷ್ಟ್ರಿಗೆ ಕನ್ನಡ ಕಲಿಸಿದವರು ಅವರೇ. ಹಾಗಾಗಿ ಮೇಷ್ಟ್ರು ಒಮ್ಮೆ ಮೈಸೂರಿನಿಂದ ನೋಡಲು ಬಂದಿದ್ದ ನಮ್ಮ ಪ್ರೊಫೆಸರರನ್ನು ಬೀಳ್ಕೊಡುವಾಗ ಬಹಳ ಗೌರವದಿಂದ "ಓಗ್ಬುಟ್ಟು ಬಾರ್ಲಾ" ಅಂದುಬಿಟ್ಟಿದ್ದರು. ಗೌಡರು ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕರು.

ಯುದ್ಧ ಮುಗಿದ ಮೇಲೆ ಒಂದು ಭಾನುವಾರ ಹೋದೆ. ಮೇಷ್ಟ್ರು ಬೂಟು ಬಿಚ್ಚಿ ನೆಲದ ಮೇಲೆ ಕೂತಿದ್ದರು. ಅವರ ಹೆಂಡತಿಯನ್ನು ಜರ್ಮನಿಯವರು ಕೊಂದು ಮೂರು ವರ್ಷವಾಗಿತ್ತು. ಸುದ್ದಿ ಬಂದದ್ದು ಅವತ್ತು ಬೆಳಿಗ್ಗೆ. ಸಾವಾದ ಕೂಡಲೇ ತಿಳಿದರೆ ಅವರಲ್ಲಿ ಏಳು ದಿನ ಹೀಗೆ ಕೂರುತ್ತಾರೆ. ಇಷ್ಟು ತಡವಾಗಿ ತಿಳಿದರೆ ಒಂದೇ ಒಂದು ಗಂಟೆ. ಅದನ್ನು ನನಗೆ ಅವರೇ ಕಲಿಸಿದ್ದರು.

ಗೌಡರು ನನ್ನನ್ನು ಹೊರಗೆ ಕರೆದರು. "ಇವ್ರ ಪೈಕಿ ಏನು ಮಾಡ್ಬೇಕಪ್ಪಾ ಈವಾಗ?"

"ಸತ್ತವರಿಗೆ ಒಂದು ಪ್ರಾರ್ಥನೆ ಇದೆ. ಅದನ್ನು ಹೇಳೋಕೆ ಹತ್ತು ಗಂಡಸರು ಬೇಕು. ಇಲ್ಲಿರೋದು ಮೇಷ್ಟ್ರು, ಅವರ ತಮ್ಮನ ಮಗ ಇಬ್ಬರೇ" ಎಂದೆ.

ಪೂರ್ತಿ ಕೇಳಿಸಿಕೊಳ್ಳದೆ ಗೌಡರು ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆಲ್ಲ ಗೇಟಿನ ಹತ್ತಿರ ಜನ. ಕಬ್ಬಿನ ಗಾಡಿಯವರು, ಮೂಲೆ ಅಂಗಡಿಯ ಟೈಲರ್ ಸಾಬರು, ಗೌಡರ ಅಣ್ಣ. ಎಲ್ಲರೂ ಕೈಕಾಲು ತೊಳೆದುಕೊಂಡು ಬಂದಿದ್ದರು.

ನಾನು ಅಡ್ಡ ನಿಂತೆ. "ಅವರ ಜನವೇ ಆಗಬೇಕು ಗೌಡ್ರೇ. ನೀವು ಎಷ್ಟು ಜನ ನಿಂತರೂ ಲೆಕ್ಕಕ್ಕೆ ಬರಲ್ಲ."

"ಲೆಕ್ಕ ಕಟ್ಕಂಡು ಏನಾಗ್ಬೇಕು ಬುಡಪ್ಪಾ. ಸುಮ್ಕೆ ಕುಂತಿದ್ದು ಓಯ್ತೀವಿ."

"ಬೇಡಿ. ಶಾಸ್ತ್ರಕ್ಕೆ ಅಪಚಾರವಾಗುತ್ತೆ."

ಈ ಮಾತನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಮೇಷ್ಟ್ರೂ ಹೇಳಿರಲಿಲ್ಲ. ಎಂ.ಎ. ಓದುವವನ ಬಾಯಿಗೆ ಹಾಗೇ ಬಂತು. ಗೌಡರು ಹಿಂದಿದ್ದವರ ಕಡೆ ತಿರುಗಿ, "ನಡೀರ್ಲಾ, ಓದ್ದೋರು ಏಳ್ತಾವ್ರೆ" ಎಂದರು. ಎಲ್ಲರೂ ಹೊರಟುಹೋದರು.

ಗಂಟೆ ಮುಗಿದ ಮೇಲೆ ಮೇಷ್ಟ್ರು ಬೂಟು ಹಾಕಿಕೊಳ್ಳುತ್ತಾ, ಬಂದಿದ್ದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆ. ಶಹಬಾಸ್ ಅನ್ನುತ್ತಾರೆಂದು ಒಳಗೊಳಗೇ ಕಾದಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

"ನೀನು ಹೇಳಿದ ನಿಯಮ ಸರಿ. ಅದು ಪ್ರಾರ್ಥನೆಗೆ. ದುಃಖದ ಮನೆಗೆ ಯಾರು ಬೇಕಾದರೂ ಬಂದು ಕೂರಬಹುದು. ಅದನ್ನೂ ಕಲಿಸಿದ್ದೆ" ಎಂದರು. ಹೌದು, ಕಲಿಸಿದ್ದರು. ಪರೀಕ್ಷೆಗೆ ಬರುವ ಹಾಗಿರಲಿಲ್ಲವೆಂದು ನಾನು ಬರೆದುಕೊಂಡಿರಲಿಲ್ಲ. ಗೌಡರನ್ನು ಈಗ ಕರೆದು ತರಲೇ ಎಂದೆ. ಮೇಷ್ಟ್ರು ಗಡಿಯಾರ ನೋಡಿ, ಬೇಡ ಎಂದು ತಲೆಯಾಡಿಸಿದರು.

ಅದಾದ ಮೇಲೆ ಗೌಡರು ಜಗಲಿ ಹತ್ತಲಿಲ್ಲ. ಹಾಲಿನ ಚೊಂಬನ್ನು ಗೇಟಿನ ಹತ್ತಿರವೇ ಇಟ್ಟು ಹೋಗುತ್ತಿದ್ದರು. ಕಾಲಿಟ್ಟರೆ ಅವರ ಶಾಸ್ತ್ರಕ್ಕೆ ಏನಾದರೂ ಆದೀತೆಂಬ ಅಂಜಿಕೆ. ಮೇಷ್ಟ್ರು ಎಷ್ಟು ಕರೆದರೂ "ಇರ್ಲಿ ಬುಡಿ ಸಾಮಿ" ಅನ್ನುತ್ತಿದ್ದರಂತೆ. ಸಾಮಿ ಅನ್ನುವುದು ಅವರಿಬ್ಬರ ನಡುವೆ ಮೊದಲು ಇರಲಿಲ್ಲ. ನಾನೇ ಹೋಗಿ ಗೌಡರಿಗೆ ತಪ್ಪಾಯಿತು ಅನ್ನಬೇಕಿತ್ತು. ಅಷ್ಟರಲ್ಲಿ ಪರೀಕ್ಷೆ ಬಂತು, ಕೆಲಸ ಬಂತು… ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಮೇಷ್ಟ್ರು ಮುಂಬಯಿಯಿಂದ ಹಡಗು ಹತ್ತಿದರು. ಎಲ್ಲಿ ತೀರಿಕೊಂಡರೋ, ಅವರ ಪಕ್ಕದಲ್ಲಿ ಯಾರಿದ್ದರೋ ಗೊತ್ತಾಗಲಿಲ್ಲ.

ಮೇಣದಬತ್ತಿ ಹಚ್ಚಿದ ಆ ಸಂಜೆ, ಗೌಡರನ್ನಾದರೂ ಒಮ್ಮೆ ಕಂಡುಬರೋಣ ಎಂದುಕೊಂಡೆ. ಇವತ್ತು, ನಾಳೆ ಎನ್ನುತ್ತಲೇ ದಿನ ತಳ್ಳಿದೆ. ಮೊನ್ನೆ ಮಂಡ್ಯಕ್ಕೆ ಹೋದರೆ ಅವರ ಮನೆಯ ಮುಂದೆ ಜನ ಸೇರಿದ್ದರು. ಗೌಡರು ಹಿಂದಿನ ರಾತ್ರಿ ಹೋಗಿಬಿಟ್ಟಿದ್ದರು.

ನಾನು ಬಾಗಿಲಲ್ಲೇ ನಿಂತೆ. ಒಳಗಿದ್ದವರಲ್ಲಿ ಒಬ್ಬರೂ ನನ್ನನ್ನು ಕಂಡವರಲ್ಲ. ಗೌಡರ ಮಗ ಚಾಪೆಯ ಮೇಲೆ ಪಕ್ಕಕ್ಕೆ ಸರಿದು, "ಬನ್ನಿ ಸಾ, ಕುಂತ್ಕಳಿ" ಅಂದ. ನೀವು ಯಾರು, ಯಾವ ಜನ ಎಂದು ಯಾರೂ ಕೇಳಲಿಲ್ಲ.