ಪೆರುಮಾಳಣ್ಣನ ಆರನೆಯ ಬೋಲ್ಟು

ಪೆರುಮಾಳಣ್ಣ ಬೋಲ್ಟುಗಳ ತಲೆಗೆ ಬಟ್ಟೆ ಕಟ್ಟುತ್ತಿದ್ದ. ಮೊದಲು ಗ್ರೀಸು ಬಳಿದು, ಹಳೇ ಪಂಚೆಯ ಚೂರು ಸುತ್ತಿ, ದಾರ ಬಿಗಿದು, ಕೂಸಿಗೆ ಕುಲಾವಿ ಹಾಕಿದ ಹಾಗೆ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದ. ತಿರುಪಿಗೆ ಸಿಮೆಂಟು ಮೆತ್ತಿಕೊಂಡರೆ ಆಮೇಲೆ ನಟ್ಟು ಇಳಿಯುವುದಿಲ್ಲವಂತೆ. ಅವನ ಅಂಗಿಗೆ ಮಾತ್ರ ಒಂದು ಗುಂಡಿಯೂ ಇರಲಿಲ್ಲ.

ಗೋಪಿನಾಥಂ ಕಡೆಯವನು. ಅರ್ಧ ತಮಿಳು, ಅರ್ಧ ಕನ್ನಡ. ಕೊಳ್ಳೇಗಾಲದಲ್ಲಿ ಒಂದು ಕೋಣೆ ಇತ್ತು, ಅದರೊಳಗೆ ಯಾರೂ ಇರಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಎಲ್ಲಿ ಹೊಸ ಮಿಲ್ಲು ಎದ್ದರೂ ಇಂಜಿನ್ನಿಗೆ ಬೋಲ್ಟು ಹೂಳಲು ಅವನೇ ಬರಬೇಕು. ಕಾಂಕ್ರೀಟು ಹಾಕಿದ ಮೇಲೆ ಗೋಣಿಚೀಲ ನೆನೆಸಿ ಹೊದಿಸಿ, ಎಂಟು ದಿನ ಅದರ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಊಟವನ್ನೂ ಅಲ್ಲೇ, ಗೋಡೆಗೆ ಮುಖ ಮಾಡಿ ಮಾಡುತ್ತಿದ್ದ.

"ಪೆರುಮಾಳು, ನಿನ್ ಎಂಡ್ರು ಎಲ್ಲವ್ಳಲಾ?" ಎಂದು ಗಾರೆಯವರು ಕೆಣಕುತ್ತಿದ್ದರು.

"ಇದ್ರೊಳಗೇ ಅವ್ಳೆ" ಎಂದು ಕಾಂಕ್ರೀಟನ್ನು ತಟ್ಟುತ್ತಿದ್ದ. "ಅಲ್ಲಾಡಕಿಲ್ಲ, ಬಿಟ್ಟೂ ಓಗಕಿಲ್ಲ."

ಹನೂರಿನ ಅಕ್ಕಿ ಮಿಲ್ಲಿಗೆ ನಾನು ಜಲ್ಲಿ ಹೊರಲು ಹೋಗುತ್ತಿದ್ದೆ. ಗಂಡ ಸತ್ತು ಎರಡು ವರ್ಷವಾಗಿತ್ತು. ಬೆಳಿಗ್ಗೆ ಎದುರಿಗೆ ಬಂದರೆ ಜನ ಪಕ್ಕಕ್ಕೆ ಸರಿಯುತ್ತಿದ್ದರು. 'ಅದನ್ನು ತಾ, ಇದನ್ನು ಹೊರು' ಎನ್ನುವುದು ಬಿಟ್ಟು ಬೇರೆ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಪೆರುಮಾಳಣ್ಣ ಒಬ್ಬ ಮಾತ್ರ, "ತಂಗಚ್ಚಿ, ಉಂಡ್ಯಾ?" ಎನ್ನುತ್ತಿದ್ದ. ತಮಿಳಿನಲ್ಲಿ ತಂಗಿ ಎಂದರ್ಥ.

ಇಂಜಿನ್ನಿನ ಅಡಿಯಲ್ಲಿ ಆರು ತೂತು. ಅದೇ ಅಳತೆಗೆ ಅವನು ಒಂದು ದಪ್ಪ ಹಲಗೆಯಲ್ಲಿ ಆರು ತೂತು ಕೊರೆದಿದ್ದ. ಗುಂಡಿಯ ಮೇಲೆ ಹಲಗೆ ಇಟ್ಟು, ತೂತುಗಳಿಂದ ಬೋಲ್ಟುಗಳನ್ನು ನೇತುಹಾಕಿ, ಸುತ್ತ ಕಾಂಕ್ರೀಟು ತುಂಬುವುದು ಅವನ ಪದ್ಧತಿ. ಐದು ತೂತು ಸರಿಸಮ, ಆರನೆಯದು ಮಾತ್ರ ನಡುಗೆರೆಯಿಂದ ಅರ್ಧ ಗೇಣು ಪಕ್ಕಕ್ಕೆ. ಹಾಗಾಗಿ ಹಲಗೆ ಮಗುಚಿಕೊಳ್ಳಬಾರದು, ಮಗುಚಿದರೆ ಆರನೆಯದು ಎದುರು ಪಕ್ಕಕ್ಕೆ ಹೋಗುತ್ತದೆ. ಮೇಲಿನ ಮುಖಕ್ಕೆ ಟಾರಿನಲ್ಲಿ ಕತ್ತರಿ ಗುರುತು ಹಾಕಿದ್ದ. ಅದು ಯಾತಕ್ಕೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಕಾಂಕ್ರೀಟು ಹಾಕುವ ದಿನ ಹಲಗೆಗೆ ಪೂಜೆ. ಕುಂಕುಮ ಇಡಲು ಮಿಲ್ಲಿನ ಸಾವ್ಕಾರರ ಹೆಂಡತಿ ಬರಬೇಕಿತ್ತು, ಬರಲಿಲ್ಲ. ಸಿಮೆಂಟು ಕಲಸಿಯಾಗಿತ್ತು.

"ತಂಗಚ್ಚಿ, ನೀನೇ ಇಕ್ಕು" ಎಂದ.

"ನಾನು ಮುಟ್ಬಾರ್ದು ಕನಣ್ಣಾ."

"ಬೋಲ್ಟು ಕೇಳ್ತದಾ ಯಾರ್ ಕೈ ಅಂತ? ಇಕ್ಕು."

ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಗುಂಡಿಗೆ ಇಳಿದ. ಎರಡು ವರ್ಷದ ಮೇಲೆ ಕುಂಕುಮ ಮುಟ್ಟಿದ್ದು, ಚೆನ್ನಾಗಿ ಮಾಡಬೇಕು ಅನ್ನಿಸಿತು. ದೇವರ ಕೆಲಸಕ್ಕೆ ಟಾರು ಯಾಕೆ ಎಂದು ಹಲಗೆಯನ್ನು ಮಗುಚಿ, ಬೆಳ್ಳಗಿದ್ದ ಮುಖ ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಹರಡಿದೆ. ಗಾರೆಯವರು ಕುಂಕುಮದ ಮುಖ ಮೇಲಾಗಿ ಎತ್ತಿಟ್ಟರು. ಹೂವಿನಡಿ ಗುರುತು ಇದೆ ಎಂದುಕೊಂಡು ಪೆರುಮಾಳಣ್ಣ ಕೈ ಮುಗಿದ.

ಇಂಜಿನ್ನು ಲಾರಿಯಲ್ಲಿ ಬಂದ ಬೆಳಿಗ್ಗೆ ಅವನು ಹಲಗೆ ಬಿಚ್ಚಿದ. ಅಡಿಯಲ್ಲಿ ಟಾರಿನ ಗುರುತು. ನಾನೂ ನೋಡಿದೆ. ಅವನು ನನ್ನನ್ನು ನೋಡಿದ, ಹಲಗೆಯನ್ನು ಗುರುತು ಕಾಣದ ಹಾಗೆ ಗೋಡೆಗೆ ಒರಗಿಸಿದ.

ಚೈನ್ ಪುಲ್ಲಿಯಿಂದ ಇಂಜಿನ್ನು ಇಳಿಸಿದರು. ಐದು ಬೋಲ್ಟು ತೂತಿಗೆ ನೇರ ಬಂದವು. ಆರನೆಯದು ಒಂದು ಗೇಣು ಆಚೆ ನಿಂತಿತ್ತು.

"ಮುಂಡೆ ಕೈಲಿ ಕುಂಕುಮ ಇಕ್ಸುದ್ರೆ ಇನ್ನೇನಾದಾದು?" ಎಂದ ಒಬ್ಬ ಗಾರೆಯವನು.

ಎಲ್ಲರೂ ನನ್ನ ಕಡೆ ತಿರುಗಿದರು. ಸಾವ್ಕಾರರು, "ಏನ್ಲಾ ಪೆರುಮಾಳು, ಇವಳಿಂದ್ಲಾ ಇದು?" ಎಂದರು. ಹೌದು ಎಂದಿದ್ದರೆ ಅವತ್ತೇ ನನ್ನ ಕೂಲಿ ಮುಗಿಯುತ್ತಿತ್ತು. ಆಮೇಲೆ ಯಾವ ಮಿಲ್ಲಿನವರೂ ಬಾಗಿಲೊಳಕ್ಕೆ ಬಿಡುತ್ತಿರಲಿಲ್ಲ.

"ಇಲ್ಲ ಸಾ. ಅಳತೆ ತಪ್ಪಿ ತೂತು ಕೊರ್ದವನು ನಾನು. ಅವಳ್ಗೇನ್ ಗೊತ್ತು?"

ನಾನು ಬುಟ್ಟಿ ಎತ್ತಿಕೊಂಡು ಜಲ್ಲಿ ರಾಶಿಯ ಕಡೆ ನಡೆದೆ. ನನ್ನ ಬಾಯಿಗೇನು ಯಾರೂ ಬಟ್ಟೆ ಕಟ್ಟಿರಲಿಲ್ಲ.

ಆ ಬೋಲ್ಟಿನ ಸುತ್ತ ಉಳಿಯಲ್ಲಿ ಒಡೆದು, ಅದನ್ನು ತೆಗೆದು ಸರಿಯಾದ ಕಡೆ ಹೂಳಲು ಅವನಿಗೆ ನಾಲ್ಕು ದಿನ ಹಿಡಿಯಿತು. ಒಬ್ಬನೇ ಒಡೆದ. ಹೋಗುವಾಗಲೂ, "ಉಂಡ್ಯಾ?" ಎಂದ. ಅಳತೆ ತಪ್ಪುವ ಫಿಟ್ಟರನ್ನು ಯಾರು ಕರೆಯುತ್ತಾರೆ? ಯಳಂದೂರಿನ ಮಿಲ್ಲಿಗೆ ಮೈಸೂರಿನಿಂದ ಬೇರೆಯವನು ಬಂದ. ನಾನು ಹನೂರಿನ ಮಿಲ್ಲಿನಲ್ಲೇ ಭತ್ತ ಒಣಗಿಸಿಕೊಂಡು ಹನ್ನೊಂದು ವರ್ಷ ಅನ್ನ ತಿಂದೆ.

ಕೊನೆಗೆ ಅವನನ್ನು ಕಂಡದ್ದು ಯಳಂದೂರು ಬಸ್ ಸ್ಟ್ಯಾಂಡಿನ ಹಿಂದೆ. ಸೀಮೆಎಣ್ಣೆ ಸ್ಟೌವ್ ರಿಪೇರಿ ಮಾಡಿಕೊಂಡು ಕೂತಿದ್ದ. ಕಣ್ಣು ಮಂಜಾಗಿತ್ತು, ಧ್ವನಿಯಲ್ಲೇ ಗುರುತು ಹಿಡಿದ.

"ಅಣ್ಣಾ, ಅಲಗೆ ಮಗುಚಿದ್ದು ನಾನು" ಎಂದೆ.

"ತೆರಿಯುಂ ತಂಗಚ್ಚಿ. ಗೊತ್ತು."

"ಮತ್ಯಾಕ್ ಯೋಳ್ನಿಲ್ಲ?"

"ತಟ್ಟೆ ಕೊಟ್ಟೋನು ನಾನು. ಹೂ ಸರ್ಸಿ ನೋಡ್ದೆ ಇದ್ದೋನೂ ನಾನು." ಸ್ಟೌವಿಗೆ ಎರಡು ಸಲ ಪಂಪು ಹೊಡೆದ. "ಆ ಇಂಜಿನ್ನು ಅಲ್ಲಾಡ್ತದಾ?"

"ಒಂದ್ ದಿನಾನೂ ಇಲ್ಲ."

"ಆರ್ನೇದು?"

"ಅದೂ ಇಲ್ಲ."

ತಲೆ ಆಡಿಸಿದ. ನನ್ನ ಬಸ್ಸು ಬಂತು, ಹತ್ತಿದೆ. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ಯಾರೋ ಕಡಲೆಕಾಯಿ ಮಾರುತ್ತಿದ್ದರು. ಪೆರುಮಾಳಣ್ಣ ಎಲ್ಲಿ ಎಂದು ಕೇಳಿದರೆ, ಯಾವ ಪೆರುಮಾಳು ಎಂದರು.

ಮಿಲ್ಲು ಈಗಿಲ್ಲ. ಇಂಜಿನ್ನು, ತಗಡು, ಬಾಗಿಲು ಎಲ್ಲಾ ಹೋಗಿವೆ. ಬೋಲ್ಟುಗಳಿವೆ. ಗುಜರಿಯವರು ಸುತ್ತ ಒಡೆದು ನೋಡಿದ್ದಾರೆ, ಗುದ್ದಲಿಯ ಗುರುತಿದೆ. ಆರರಲ್ಲಿ ಒಂದೂ ಬಂದಿಲ್ಲ.