ಅಂಚಿನ ಸಾಲಿನ ಸೊಪ್ಪು

ಕೈಲಾಂಚದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಆಚೆ ಹೊಲದವನು ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ತೂರಿ ಅವರ ಹಿಪ್ಪುನೇರಳೆಯ ಅಂಚಿನ ಸಾಲಿಗೆ ಬಂದು ಕೂರುತ್ತಿತ್ತು.

“ಅಷ್ಟು ದೂರ ಎಲ್ ಬತ್ತದಕ್ಕ?” ಎಂದು ಅವನ ವಾದ.

“ಹುಳನೇ ಹೇಳ್ಲಿ ಬುಡು” ಎಂದು ಇವರು ಆ ಸೊಪ್ಪನ್ನು ಒಂದು ತಟ್ಟೆಯಲ್ಲಿ ಒಂದು ಹಿಡಿ ಹುಳುಗಳಿಗೆ ಹಾಕಿ, ಸೊಂಟಕ್ಕೆ ಕೈಯಿಟ್ಟು ಕಾಯುವರು. ಅವು ತಲೆಯೆತ್ತಿ ಹಸಿರು ಕಕ್ಕಿದರೆ, ತಟ್ಟೆಯನ್ನು ಅವನ ಜಗಲಿಯ ಮೇಲಿಟ್ಟು ಬರುವರು. ಹುಳುವಿನ ಬೆಳೆ ಬೆಳೆಗೂ ಅದೇ. ಕೊನೆಗೆ ಅವನು ಸೋತು, ಔಷಧಿ ಬಿಟ್ಟು, ಅಲ್ಲಿ ರಾಗಿ ಬಿತ್ತಿದ.

ಮುಂದಿನ ಬೆಳೆಗೆ ತಟ್ಟೆಯ ಪಕ್ಕ ನಮಗಿಂತ ಮೊದಲೇ ಬಂದು ಕೂತಿದ್ದವನು ಅವನೇ. ಹುಳುಗಳು ತುಂತುರು ಮಳೆಯಂಥ ಸದ್ದಿನಲ್ಲಿ ಅಂಚಿನ ಸಾಲಿನ ಸೊಪ್ಪು ಮೇಯತೊಡಗಿದವು.

“ಏನಂತಾವ್ಲಾ?” ದೊಡ್ಡಮ್ಮ ಕೇಳಿದರು.

“ಇನ್ನೂ ಹಾಕು ಅಂತಾವೆ ಕಣಕ್ಕ!” ಎಂದು ಅವನೇ ಕುಡುಗೋಲು ಹಿಡಿದು ಅಂಚಿನ ಸಾಲಿಗೆ ನುಗ್ಗಿದ.